ಧಮ್ಮಪಾಲ ಕೊಂಡ ಎರಡು ಸೀಟಿನ ಕಾರು

ಅಫಜಲಪುರದ ಧಮ್ಮಪಾಲ ಸರ್ಕಾರಿ ಬಸ್ಸಿನ ಡ್ರೈವರ್ ಕೆಲಸದಿಂದ ನಿವೃತ್ತನಾದಾಗ ಎಲ್ಲರೂ ಅವನಿಗೆ ಒಂದೊಂದು ಸಲಹೆ ಕೊಟ್ಟರು. ನಿಂಬರ್ಗಾದಲ್ಲಿದ್ದ ಅಣ್ಣ ಹುಲೆಪ್ಪ, ಊರಿಗೆ ಬಂದು ತೊಗರಿ ಹೊಲ ನೋಡಿಕೋ ಎಂದ. ಡಿಪೋದ ಗೆಳೆಯರು ಶಾಲೆಯ ವ್ಯಾನು ಓಡಿಸು ಎಂದರು. ಜೇವರ್ಗಿಯ ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್ ಆಗಿದ್ದ ಮಗಳು ಪಲ್ಲವಿ, ಇನ್ನು ಗಾಡಿಯ ಮಾತೇ ಬೇಡ, ಮನೆಯಲ್ಲಿ ಆರಾಮಾಗಿ ಇರು ಎಂದಳು. ಧಮ್ಮಪಾಲ ಎಲ್ಲರಿಗೂ ಹೂಂ ಎಂದು, ಯಾರ ಮಾತನ್ನೂ ಕೇಳದೆ, ಸೊಲ್ಲಾಪುರದಿಂದ ಒಂದು ಹಳೆಯ ಸ್ಪೋರ್ಟ್ಸ್ ಕಾರು ಕೊಂಡುಕೊಂಡ. ಅದೂ ಎರಡೇ ಸೀಟಿನದು. ಗುಂಡಿ ಒತ್ತಿದರೆ ತಲೆಯ ಮೇಲಿನ ಛತ್ತು ಮಡಚಿಕೊಂಡು ಹಿಂದಕ್ಕೆ ಹೋಗುವಂಥದು.

ಅವನ ಜೀವಮಾನವೆಲ್ಲ ಒಂದೇ ರಸ್ತೆಯ ಮೇಲೆ ಕಳೆದಿತ್ತು. ಆಳಂದದಿಂದ ನಿಂಬರ್ಗಾ ಮೇಲೆ ಹಾಯ್ದು ಅಫಜಲಪುರ, ಅಲ್ಲಿಂದ ಜೇವರ್ಗಿ, ಮತ್ತೆ ವಾಪಸ್ಸು. ತೊಗರಿ ಚೀಲ, ಕಾಲೇಜಿನ ಹುಡುಗಿಯರು, ಕಂಕುಳಲ್ಲಿ ಹೋತದ ಮರಿ ಹಿಡಿದ ಮುದುಕರು, ಅಮಾವಾಸ್ಯೆಗೆ ಘತ್ತರಗಿಯ ಭಾಗ್ಯವಂತಿ ದೇವಿಯ ಗುಡಿಗೆ ಹೋಗುವ ಜನ, ಎಲ್ಲರನ್ನೂ ಒಂದೇ ವೇಗದಲ್ಲಿ ಹೊತ್ತಿದ್ದ. ಆ ವೇಗ ಅವನದಾಗಿರಲಿಲ್ಲ. ಎಷ್ಟು ತುಳಿದರೂ ಒಂದು ಹಂತ ದಾಟದ ಹಾಗೆ ಇಂಜಿನ್ನಿಗೆ ಬೀಗ ಹಾಕಿದ್ದರು. ಅಪಘಾತವಿಲ್ಲದೆ ಗಾಡಿ ಓಡಿಸಿದ್ದಕ್ಕೆ ಸಿಕ್ಕ ಬೆಳ್ಳಿ ಪದಕವನ್ನು ಹೆಂಡತಿ ಅಂಬುಬಾಯಿ ಕಪಾಟಿನಲ್ಲಿ ಬುದ್ಧನ ಮೂರ್ತಿಯ ಪಕ್ಕ ಇಟ್ಟಿದ್ದಳು. ಆದರೆ ಇಷ್ಟೆಲ್ಲ ವರ್ಷ ಓಡಿಸಿದ ಗಾಡಿಯ ಹೊಟ್ಟೆಯೊಳಗೆ ಏನಿದೆ ಎಂದು ಅವನು ಒಮ್ಮೆಯೂ ನೋಡಿರಲಿಲ್ಲ. ಸ್ಟೇರಿಂಗು ಅವನದು, ಒಳಗಿನದೆಲ್ಲ ಡಿಪೋದವರದು. ಸಂಜೆ ‘ಬ್ರೇಕ್ ಸಡಿಲ’ ಎಂದು ಹೇಳಿ ಮನೆಗೆ ಬಂದರೆ ಬೆಳಿಗ್ಗೆ ಬ್ರೇಕು ಬಿಗಿಯಾಗಿರುತ್ತಿತ್ತು. ಅದು ಹೇಗೆ ಬಿಗಿಯಾಯಿತು ಎಂದು ಕೇಳುವ ಗರಜು ಅವನಿಗೆ ಬಿದ್ದಿರಲಿಲ್ಲ.

ಸೊಲ್ಲಾಪುರಕ್ಕೆ ಹೋದದ್ದು ಸಂಬಂಧಿಕರ ಮದುವೆಗೆ. ಊಟ ಮುಗಿಸಿ ಓಣಿಯಲ್ಲಿ ಅಡ್ಡಾಡುವಾಗ ಒಂದು ಹಳೆಯ ಬಂಗಲೆಯ ಅಂಗಳದಲ್ಲಿ ಚಾದರ ಹೊದ್ದುಕೊಂಡ ಗಾಡಿಯೊಂದು ಕಂಡಿತು. ಚಾದರದ ಕೆಳಗಿನಿಂದ ಅಗಲವಾದ ಗಾಲಿ ಮಾತ್ರ ಕಾಣುತ್ತಿತ್ತು. ಅಷ್ಟು ತಗ್ಗಿನ ಗಾಡಿಯನ್ನು ಧಮ್ಮಪಾಲ ಹತ್ತಿರದಿಂದ ನೋಡಿರಲಿಲ್ಲ. ಗೇಟಿನ ಬಳಿ ನಿಂತೇ ಇದ್ದ. ಒಳಗಿನಿಂದ ಕೋಲೂರಿಕೊಂಡು ಬಂದ ಮನೆಯ ಯಜಮಾನ ಅನಂತರಾವ್ ಕಣ್ಣಿನ ಡಾಕ್ಟರಾಗಿದ್ದವರು, ಹುಟ್ಟೂರು ಆಳಂದ. ಅಫಜಲಪುರದ ಬಸ್ಸಿನ ಡ್ರೈವರು ಎಂದು ಗೊತ್ತಾದ ಮೇಲೆ ಅವರೇ ಒಳಗೆ ಕರೆದರು.

“ಚಾದರ ತಗೀರಿ, ನೋಡ್ರಿ” ಎಂದರು.

ಧಮ್ಮಪಾಲ ತೆಗೆದ. ಕಡುನೀಲಿ ಬಣ್ಣ, ಉದ್ದನೆಯ ಮೂತಿ, ಮೊಳಕಾಲಿಗಿಂತ ಸ್ವಲ್ಪವೇ ಎತ್ತರದ ಬಾಗಿಲು.

“ಯಾಕ್ರಿ ಸಾಹೇಬ್ರ, ಇಂಥಾ ಗಾಡಿ ಸುಮ್ಮ ನಿಲ್ಲಿಸೀರಿ?”

“ಮೊಳಕಾಲಿನ ಆಪರೇಶನ್ ಆತು ನೋಡ್ರಿ. ಇದರಾಗ ಕುಂತ್ರ ಏಳಾಕ ಬರೂದಿಲ್ಲ. ಇಬ್ಬರು ಎತ್ತಬೇಕು.” ಅನಂತರಾವ್ ನಕ್ಕರು. “ಮಕ್ಕಳಿಗೆ ಇದು ಬ್ಯಾಡ. ಗುಜರಿಯವರು ಬಂದು ಕೇಳಿಹೋದ್ರು. ಮನಸ್ಸು ಬರ್ಲಿಲ್ಲ.”

ಆಮೇಲೆ ಮಾತು ಎಲ್ಲಿಂದ ಎಲ್ಲಿಗೆ ಹೋಯಿತೋ, ಧಮ್ಮಪಾಲನಿಗೆ ಪೂರ್ತಿ ನೆನಪಿಲ್ಲ. ಒಂದು ಸಾಧಾರಣ ಹೊಸ ಕಾರಿಗಿಂತ ಕಡಿಮೆ ಬೆಲೆಗೆ ಗಾಡಿ ಕೊಡಲು ಅವರು ಒಪ್ಪಿದ್ದು, ತಾನು ಹೂಂ ಎಂದದ್ದು ಮಾತ್ರ ನೆನಪಿದೆ. ಪಕ್ಕದ ಮನೆಯ ಕಾರಿನ ಬ್ಯಾಟರಿಗೆ ವೈರು ಜೋಡಿಸಿ ಇಂಜಿನ್ ಚಾಲೂ ಮಾಡಿದಾಗ ಅದು ಮೊದಲು ಕೆಮ್ಮಿತು, ಹೊಗೆ ಉಗುಳಿತು, ಕೊನೆಗೆ ದಪ್ಪ ದನಿಯಲ್ಲಿ ಗುರುಗುಟ್ಟಿತು. ಆ ಸದ್ದು ಧಮ್ಮಪಾಲನ ಎದೆಯೊಳಗೇ ಕೇಳಿದಂತಾಯಿತು.

ಅಲ್ಲಿಂದಲೇ ಹೆಂಡತಿಗೆ ಫೋನು ಮಾಡಿದ. ಅಂಬುಬಾಯಿ ಅಂಗನವಾಡಿಯಲ್ಲಿ ಮಕ್ಕಳಿಗೆ ಉಪ್ಪಿಟ್ಟು ಬಡಿಸುತ್ತಿದ್ದಳು.

“ಕಾರು ತಗೊಂಡೀನಿ, ಅಂಬೂ. ಇಲ್ಲಿಂದ ಓಡಿಸ್ಕೊಂಡೇ ಬರ್ತೇನಿ.”

ಅಂಬುಬಾಯಿ ಯಾಕೆ ಎಂದು ಕೇಳಲಿಲ್ಲ, ಬೈಯಲೂ ಇಲ್ಲ. “ಗಾಡಿ ಎಷ್ಟು ವರ್ಷದಿಂದ ನಿಂತೈತ್ರಿ?” ಎಂದಳು.

“ಮೂರ್ನಾಕು ವರ್ಷ ಆಗಿರಬೇಕು.”

“ಹಂಗಾರ ಲಾರಿ ಒಳಗ ಹಾಕ್ಕೊಂಡು ಬರ್ರಿ. ಮನಷ್ಯಾ ಒಂದು ತಿಂಗಳು ಹಾಸಿಗಿ ಹಿಡದು ಎದ್ರ ಕಾಲು ನಡಗ್ತಾವ. ಅದು ಓಡತೈತೇನು?”

ಧಮ್ಮಪಾಲನಿಗೆ ಇದು ಸರಿ ಬರಲಿಲ್ಲ. ಇಷ್ಟು ವರ್ಷ ಸಾವಿರಾರು ಜನರನ್ನು ಹೊತ್ತವನು ತನ್ನ ಕಾರನ್ನು ಲಾರಿಯ ಮೇಲೆ ತರುವುದೆ? ಆದರೆ ಅನಂತರಾವ್ ಕೂಡ ಅವಳ ಮಾತನ್ನೇ ಹೇಳಿದರು. ಗಾಡಿಯ ಜೊತೆ ಬಂದಿದ್ದ ದಪ್ಪ ಪುಸ್ತಕವನ್ನು ಕೈಗಿಟ್ಟು, “ಮೊದಲು ಆಯಿಲ್, ಬ್ರೇಕು, ಟಾಯರು, ಬೆಲ್ಟು. ಆಮ್ಯಾಲ ಹವಾ ತಿನ್ನಾಕ ಹೋಗ್ರಿ” ಎಂದರು. ಹಾಗಾಗಿ ನೀಲಿ ಕಾರು ಲಾರಿ ಏರಿ ಅಫಜಲಪುರಕ್ಕೆ ಬಂತು. ಧಮ್ಮಪಾಲ ಲಾರಿಯವನ ಪಕ್ಕ ಮುಖ ಗಂಟು ಹಾಕಿಕೊಂಡು ಕೂತು ಬಂದ.

ಓಣಿಗೆ ಓಣಿಯೇ ನೋಡಲು ಬಂದಿತು. ಪಕ್ಕದ ಮನೆಯ ಸುಮಿತ್ರಾಬಾಯಿ ಗಾಲಿಯ ಕೆಳಗೆ ಇಡಲು ನಿಂಬೆಹಣ್ಣು ತಂದಿದ್ದಳು. ಅಂಬುಬಾಯಿ ಆ ನಿಂಬೆಹಣ್ಣಿನಿಂದಲೇ ಬಂದವರಿಗೆಲ್ಲ ಶರಬತ್ತು ಮಾಡಿ ಕೊಟ್ಟಳು. ಪಲ್ಲವಿ ಫೋನಿನಲ್ಲಿ ಫೋಟೋ ನೋಡಿ, “ಅಪ್ಪಾ, ನಾಲ್ಕು ಸೀಟಿಂದು ಸಿಗಲೇ ಇಲ್ಲೇನು? ನಾ ಬಂದ್ರ ಡಿಕ್ಕಿ ಒಳಗ ಕುಂದ್ರಬೇಕೇನು?” ಎಂದು ನಕ್ಕಳು.

ಇಂಥ ಗಾಡಿಯನ್ನು ಮುಟ್ಟುವವರು ಊರಲ್ಲಿ ಯಾರಿದ್ದಾರೆ ಎಂದು ಹುಡುಕಿದಾಗ ಸಿಕ್ಕವಳು ಫಕ್ರುನ್ನಿಸಾ. ಕಲಬುರಗಿಯಲ್ಲಿ ಆಟೊಮೊಬೈಲ್ ಡಿಪ್ಲೊಮಾ ಓದಿ ಬಂದು, ಘತ್ತರಗಿ ರಸ್ತೆಯಲ್ಲಿದ್ದ ತಂದೆಯ ಗ್ಯಾರೇಜನ್ನು ತಾನೇ ನಡೆಸುತ್ತಿದ್ದಳು. ಮೂವತ್ತರ ಆಸುಪಾಸಿನ ವಯಸ್ಸು, ದುಪಟ್ಟಾವನ್ನು ತಲೆಗೆ ಬಿಗಿಯಾಗಿ ಸುತ್ತಿಕೊಂಡು ಟ್ರ್ಯಾಕ್ಟರ್ ಇಂಜಿನ್ ಬಿಚ್ಚುವವಳು. ಕಾರು ನೋಡಿದ್ದೇ ಅವಳ ಮುಖ ಅರಳಿತು.

“ಕಾಕಾ, ಖರೇ ಹೇಳ್ತೇನಿ, ಇಂಥಾ ಗಾಡಿ ನಾನೂ ಬಿಚ್ಚಿಲ್ರಿ. ಆದ್ರ ಪುಸ್ತಕ ಐತಲ್ಲ. ಇಬ್ರೂ ಕೂಡಿ ನೋಡೂಣು.”

ಶುರುವಿನಲ್ಲೇ ತೊಡಕು ಬಂತು. ಗಾಡಿ ಎಷ್ಟು ತಗ್ಗಾಗಿತ್ತೆಂದರೆ ಗ್ಯಾರೇಜಿನ ಜಾಕು ಅದರ ಅಡಿ ಹೋಗಲೇ ಇಲ್ಲ. ಹಲಗೆಗಳನ್ನು ಒಂದರ ಮೇಲೊಂದು ಇಟ್ಟು, ಗಾಡಿಯನ್ನು ತಳ್ಳಿ ಅವುಗಳ ಮೇಲೆ ಹತ್ತಿಸಿ, ಆಮೇಲೆ ಜಾಕು ಹಾಕಿದರು. ಎತ್ತಿದ ಗಾಡಿ ಜಾರದಂತೆ ಕಬ್ಬಿಣದ ಗಟ್ಟಿ ಸ್ಟ್ಯಾಂಡುಗಳನ್ನು ಕೊಡುವವರೆಗೆ ಫಕ್ರುನ್ನಿಸಾ ಯಾರಿಗೂ ಅಡಿಗೆ ಕೈ ಹಾಕಲು ಬಿಡಲಿಲ್ಲ. ಕೆಳಗಿನ ಬೋಲ್ಟು ಬಿಚ್ಚಿದಾಗ ಹಳೆಯ ಆಯಿಲ್ಲು ಕಾಕಂಬಿಯ ಹಾಗೆ ನಿಧಾನ ಇಳಿಯಿತು. ಟ್ಯಾಂಕಿನಲ್ಲಿದ್ದ ಪೆಟ್ರೋಲು ಬಣ್ಣದಂಗಡಿಯ ವಾಸನೆ ಹೊಡೆಯುತ್ತಿತ್ತು. ಅದನ್ನೂ ಪೂರ್ತಿ ತೆಗೆದರು. ಏರ್ ಫಿಲ್ಟರಿನ ಡಬ್ಬಿ ತೆಗೆದಾಗ ಒಳಗೆ ಇಲಿಯ ಗೂಡು. ಚಾದರಕ್ಕೆ ಹೆಸರಾದ ಸೊಲ್ಲಾಪುರದ ಇಲಿಯಲ್ಲವೆ, ಬಣ್ಣಬಣ್ಣದ ಚಾದರದ ಎಳೆಗಳನ್ನು ಕಚ್ಚಿ ತಂದು ಮೆತ್ತಗೆ ಹಾಸಿಕೊಂಡಿತ್ತು.

ಟಾಯರಿನ ವಿಷಯಕ್ಕೆ ಇಬ್ಬರಿಗೂ ಸಣ್ಣ ವಾದವಾಯಿತು. ಧಮ್ಮಪಾಲ ಡಿಪೋದ ರೂಢಿಯಂತೆ ಬೂಟಿನಿಂದ ಒಂದೊಂದು ಗಾಲಿಗೂ ಒದ್ದು, “ಟಾಯರು ಬರೋಬ್ಬರಿ ಅದಾವ. ಹಲ್ಲು ನೋಡು, ಸವದಿಲ್ಲ” ಎಂದ.

“ಹಲ್ಲು ಚೊಲೋ ಅದಾವ್ರಿ, ವಯಸ್ಸು ಆಗೈತಿ. ಇಲ್ಲಿ ನೋಡ್ರಿ.” ಫಕ್ರುನ್ನಿಸಾ ಟಾಯರಿನ ಬದಿಯಲ್ಲಿ ಅಚ್ಚೊತ್ತಿದ್ದ ಸಣ್ಣ ಅಂಕಿಗಳನ್ನು ಬಟ್ಟೆಯಿಂದ ಒರೆಸಿ ತೋರಿಸಿದಳು. ಅದರಲ್ಲಿ ಟಾಯರು ತಯಾರಾದ ವಾರ ಮತ್ತು ವರ್ಷ ಇತ್ತು. ಪಲ್ಲವಿ ಇನ್ನೂ ಕಾಲೇಜಿನಲ್ಲಿದ್ದ ಕಾಲದ್ದು. ಬೆರಳಿನಿಂದ ರಬ್ಬರನ್ನು ಒತ್ತಿದರೆ ಬಿಸಿಲಿಗೆ ಒಣಗಿದ ಕರಿಮಣ್ಣಿನಂತೆ ಸಣ್ಣ ಬಿರುಕುಗಳು ಬಾಯಿಬಿಟ್ಟವು. ಧಮ್ಮಪಾಲ ಕೂತು ನಾಲ್ಕೂ ಟಾಯರು ನೋಡಿದ. ಹೊಸವನ್ನೇ ಹಾಕೋಣ ಎಂದು ಒಪ್ಪಿದ. ಆ ಅಳತೆಯ ಟಾಯರು ಕಲಬುರಗಿಯಲ್ಲೂ ಇರಲಿಲ್ಲ. ಪಲ್ಲವಿ ಜೇವರ್ಗಿಯಲ್ಲಿ ಕೂತು ಫೋನಿನಲ್ಲಿ ಹುಡುಕಿ ಪುಣೆಯಿಂದ ತರಿಸಿದಳು. ಬೆಲ್ಟುಗಳೂ ಅಲ್ಲಿಂದಲೇ ಬಂದವು.

ಹೊಸ ಬ್ಯಾಟರಿ, ಹೊಸ ಆಯಿಲ್ಲು, ಹೊಸ ಪ್ಲಗ್ಗು, ಹೊಸ ಬೆಲ್ಟು ಬಿದ್ದ ಮೇಲೆ ಇಂಜಿನ್ನಿನ ದನಿಯೇ ಬದಲಾಯಿತು. ಕೆಮ್ಮು ಹೋಯಿತು. ಟಾಯರನ್ನೂ ಹಾಕಿದರು. ಬ್ರೇಕು ಮಾತ್ರ ಬಾಕಿ ಇತ್ತು. ಆ ಮಧ್ಯಾಹ್ನ ಫಕ್ರುನ್ನಿಸಾ ಊಟಕ್ಕೆ ಮನೆಗೆ ಹೋದಳು. ಧಮ್ಮಪಾಲ ಒಬ್ಬನೇ ಗ್ಯಾರೇಜಿನಲ್ಲಿದ್ದ. ಕಾರು ಬಿಸಿಲಲ್ಲಿ ನಿಂತಿತ್ತು. ನೆರಳಿಗೆ ತಂದರಾಯಿತು ಎಂದುಕೊಂಡ. ನೆರಳು ಒಂದು ನೆಪ ಎಂಬುದು ಅವನಿಗೂ ಗೊತ್ತಿತ್ತು.

ಒಳಗೆ ಇಳಿದು ಕೂತ. ಹತ್ತಿ ಕೂರುವ ಅಭ್ಯಾಸದವನಿಗೆ ಇಳಿದು ಕೂರುವುದೇ ಒಂದು ಮೋಜು. ಕೀಲಿ ತಿರುವಿದ. ಗೇರು ಹಾಕಿ ಮೆಲ್ಲಗೆ ಬಿಟ್ಟ. ಗಾಡಿ ಬೆಣ್ಣೆಯಂತೆ ಮುಂದೆ ಸರಿಯಿತು. ಬೇವಿನ ಮರದ ಹತ್ತಿರ ಬ್ರೇಕು ತುಳಿದ. ಕಾಲು ನೇರ ತಳಕ್ಕೆ ಹೋಯಿತು. ಮತ್ತೆ ತುಳಿದ, ಅದೇ. ಕೈಬ್ರೇಕು ಎಳೆದರೆ ತುಕ್ಕು ಹಿಡಿದು ಅಲ್ಲಾಡಲಿಲ್ಲ. ಮುಂದೆ ಅಂಗಳದ ಇಳಿಜಾರು, ಅದರಾಚೆ ರಸ್ತೆ. ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಓಡಾಡುತ್ತಿದ್ದವು. ಧಮ್ಮಪಾಲ ಇಂಜಿನ್ ಬಂದ್ ಮಾಡಿ, ಸ್ಟೇರಿಂಗನ್ನು ಪೂರ್ತಿ ಎಡಕ್ಕೆ ಎಳೆದ. ಪಕ್ಕದವರು ದನಕ್ಕೆಂದು ಒಟ್ಟಿದ್ದ ತೊಗರಿ ಹೊಟ್ಟಿನ ದೊಡ್ಡ ಗುಡ್ಡೆಯೊಳಗೆ ಕಾರು ಮೂತಿ ಹೂತುಕೊಂಡು ನಿಂತಿತು.

ಛತ್ತು ತೆರೆದಿತ್ತು. ಫಕ್ರುನ್ನಿಸಾ ವಾಪಸ್ಸು ಬಂದಾಗ ಹೊಟ್ಟಿನ ಗುಡ್ಡೆಯಿಂದ ಕಾರಿನ ಹಿಂಭಾಗ ಮಾತ್ರ ಹೊರಗಿತ್ತು. ಧಮ್ಮಪಾಲ ತಲೆ, ಮೀಸೆ, ಅಂಗಿಯ ಕಿಸೆಯಲ್ಲೆಲ್ಲ ಹೊಟ್ಟು ತುಂಬಿಕೊಂಡು ಬೇವಿನ ಕೆಳಗೆ ಕೂತಿದ್ದ.

“ಕಾಕಾ, ಪೆಟ್ಟು ಏನರ ಬಿತ್ತೇನ್ರಿ?” ಎಂದು ಓಡಿ ಬಂದಳು.

“ಇಲ್ಲವ್ವಾ. ಪೆಟ್ಟು ಬಿದ್ದಿಲ್ಲ.” ಅವನ ಮುಖ ಕೆಂಪಾಗಿತ್ತು. “ಗಾಡಿಗೂ ಬಿದ್ದಿಲ್ಲ. ಅಂಬೂಗ ಹೇಳಬ್ಯಾಡ.”

ಆದರೆ ಅಂಬುಬಾಯಿಗೆ ಹೇಳುವುದೇ ಬೇಕಾಗಲಿಲ್ಲ. ಸಂಜೆ ಅವನು ಅಂಗಿ ಕಳಚಿದಾಗ ಮನೆಯ ತುಂಬ ಹೊಟ್ಟು ಉದುರಿತು. ಅವಳು ನಿಜ ಕೇಳಿ ತಿಳಿದು, ಮೊದಲು ಅವನ ಕೈಕಾಲು ಮುಟ್ಟಿ ನೋಡಿದಳು. ಆಮೇಲೆ ಕಪಾಟಿನ ಕಡೆ ನೋಡಿ, “ಆ ಪದಕ ವಾಪಸ್ ಕೊಡಬೇಕೇನ್ರಿ?” ಎಂದಳು. ಧಮ್ಮಪಾಲ ಸಿಟ್ಟು ಮಾಡಬೇಕೆಂದುಕೊಂಡ, ಆದರೆ ನಗು ಬಂತು. ಇಬ್ಬರೂ ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು.

ಮರುದಿನ ಬೆಳಿಗ್ಗೆ ಅವನು ಗ್ಯಾರೇಜಿಗೆ ಹೋದಾಗ ಹಳೆಯ ಅಂಗಿ, ಹಳೆಯ ಪ್ಯಾಂಟು ಹಾಕಿಕೊಂಡಿದ್ದ. “ಬ್ರೇಕು ನನ್ನ ಕೈಲೇ ಮಾಡ್ಸು. ನೀ ಬಾಜೂಕ ನಿಂತು ಹೇಳು” ಎಂದ. ಇಷ್ಟು ದಿನ ಕುರ್ಚಿ ಹಾಕಿಕೊಂಡು ಕೂತು ಯಾವಾಗ ಮುಗಿಯುತ್ತದೆ ಎಂದು ಕೇಳುತ್ತಿದ್ದವನು ಈಗ ನೆಲಕ್ಕೆ ಗೋಣಿಚೀಲ ಹಾಸಿ ಗಾಡಿಯ ಬದಿಗೆ ಮಲಗಿದ. ಗಾಲಿ ಬಿಚ್ಚಿದ. ತುಕ್ಕು ಹಿಡಿದು ಕೂತಿದ್ದ ಬ್ರೇಕಿನ ಬಿಲ್ಲೆಗಳನ್ನು ತೆಗೆದ. ಒಂದು ಗಾಲಿಯ ಹತ್ತಿರ ರಬ್ಬರು ಸವೆದು ಆಯಿಲ್ಲು ಜಿನುಗುತ್ತಿದ್ದ ಜಾಗವನ್ನು ಅವನೇ ಹುಡುಕಿದ. ತಾನು ತುಳಿದದ್ದು ಎಲ್ಲಿಗೆ ಹೋಗುತ್ತದೆ, ಅಲ್ಲಿ ಏನು ಏನನ್ನು ಹಿಡಿಯುತ್ತದೆ, ಗಾಡಿ ಹೇಗೆ ನಿಲ್ಲುತ್ತದೆ ಎಂಬುದು ಮೊದಲ ಬಾರಿಗೆ ಕಣ್ಣಿಗೆ ಕಂಡಿತು. ಇಷ್ಟು ವರ್ಷ ತನ್ನ ಬಸ್ಸನ್ನು ನಿಲ್ಲಿಸಿದ್ದು ತನ್ನ ಕಾಲಲ್ಲ, ಡಿಪೋದಲ್ಲಿ ಹೀಗೆ ಮಲಗಿ ಎದ್ದವರ ಕೈಗಳು ಎನಿಸಿ, ಕೆಲಸದ ನಡುವೆಯೇ ಎದ್ದು ಡಿಪೋದ ಹಳೆಯ ಮೇಸ್ತ್ರಿ ಶಾಂತಕುಮಾರನಿಗೆ ಫೋನು ಮಾಡಿದ. “ಆರಾಮದೀಯೇನಪಾ?” ಎಂದಷ್ಟೇ ಕೇಳಿ ಇಟ್ಟ.

ಹೊಸ ಸಾಮಾನು ಕೂರಿಸಿ, ಹೊಸ ಬ್ರೇಕ್ ಆಯಿಲ್ಲು ಹಾಕಿದ ಮೇಲೆ ಪೈಪಿನೊಳಗೆ ಸಿಕ್ಕ ಗಾಳಿಯನ್ನು ಹೊರಗೆ ತೆಗೆಯಬೇಕಿತ್ತು. ಅದಕ್ಕೆ ಒಬ್ಬರು ಒಳಗೆ ಕೂತು ಬ್ರೇಕು ತುಳಿದು ಹಿಡಿಯಬೇಕು, ಇನ್ನೊಬ್ಬರು ಗಾಲಿಯ ಹತ್ತಿರದ, ಗಾಳಿ ಬಿಡುವ ಸಣ್ಣ ನಳಿಗೆಯನ್ನು ಬಿಚ್ಚಿ ಬಿಗಿಯಬೇಕು. ಅಂದು ಫಕ್ರುನ್ನಿಸಾಗೆ ಯಾವುದೋ ಹೊಲದಲ್ಲಿ ನಿಂತುಹೋದ ಟ್ರ್ಯಾಕ್ಟರ್ ನೋಡಲು ಹೋಗುವುದಿತ್ತು. “ನಾಳೆ ಮಾಡೂಣ್ರಿ” ಎಂದಳು. ಧಮ್ಮಪಾಲ ಫೋನು ತೆಗೆದು ಹೆಂಡತಿಯನ್ನು ಕರೆದ. ಅಂಗನವಾಡಿ ಮುಗಿಸಿ ಅಂಬುಬಾಯಿ ಸೀರೆಯ ಸೆರಗು ಸಿಕ್ಕಿಸಿಕೊಂಡು ಬಂದಳು. ಹೀಗೆ ಆ ಕಾರಿನಲ್ಲಿ ಅವಳು ಮೊದಲ ಸಲ ಕೂತದ್ದು ಡ್ರೈವರನ ಸೀಟಿನಲ್ಲಿ.

“ತುಳಿ ಅಂದ್ರ ತುಳಿ. ಹಿಡಿ ಅಂದ್ರ ಹಿಡಿ. ನಾ ಬಿಡು ಅನ್ನೂತನಕ ಕಾಲು ತಗೀಬ್ಯಾಡ” ಎಂದು ಧಮ್ಮಪಾಲ ಹಿಂದಿನ ಗಾಲಿಯ ಪಕ್ಕದಿಂದ ಕೂಗಿದ.

“ತಿಳೀತ್ರಿ. ಅಂಗನವಾಡಿ ಮಕ್ಕಳಿಗೆ ಹೇಳ್ದಂಗ ಹೇಳಬ್ಯಾಡ್ರಿ.”

“ತುಳಿ.”

“ತುಳದೀನಿ.”

“ಹಿಡಿ.” ಅವನು ನಳಿಗೆ ಸಡಿಲಿಸಿದ. ಅದಕ್ಕೆ ಸಿಕ್ಕಿಸಿದ್ದ ಪಾರದರ್ಶಕ ಪೈಪಿನಲ್ಲಿ ಆಯಿಲ್ಲಿನ ಜೊತೆ ಗುಳ್ಳೆಗಳು ಬುಳುಬುಳು ಬಂದವು. ಅವನು ನಳಿಗೆ ಬಿಗಿದ. “ಬಿಡು.”

ಸ್ವಲ್ಪ ಹೊತ್ತಿಗೆ ಇಬ್ಬರ ತಾಳವೂ ಕೂಡಿತು. ಅಷ್ಟರಲ್ಲಿ ಸುಮಿತ್ರಾಬಾಯಿ ರಸ್ತೆಯಲ್ಲಿ ಹೋಗುತ್ತ, “ಏನ್ ಬೇ ಅಂಬೂ, ಗಾಡಿ ನೀನೇ ಹೊಡೀತೀಯೇನು?” ಎಂದು ಕೂಗಿದಳು. ಅಂಬುಬಾಯಿ ತಿರುಗಿ ನಕ್ಕಳು. ಕಾಲು ಮೇಲಕ್ಕೆ ಬಂತು.

“ಅಯ್ಯ, ಬಿಟ್ಟೆಲ್ಲ! ಗಾಳಿ ಒಳಗ ಹೋತು!”

“ಹೋದ್ರ ಹೋಗ್ಲಿ. ಮತ್ತೊಮ್ಮೆ ತಗದ್ರಾತು. ನಮಗೇನು ಬಸ್ ತಪ್ಪಾಕತ್ತೈತೇನು?”

ಮತ್ತೆ ಮೊದಲಿನಿಂದ ಶುರು ಮಾಡಿದರು. ಬಿಸಿಲು ಇಳಿಯಿತು. ನಾಲ್ಕೂ ಗಾಲಿಯ ಗುಳ್ಳೆಗಳು ನಿಂತ ಮೇಲೆ ಅಂಬುಬಾಯಿ ತಾನಾಗಿಯೇ, “ಈಗ ಗಟ್ಟಿ ಆಗೇತ್ರಿ. ಕಾಲಿಗೆ ತಿಳೀತೈತಿ” ಎಂದಳು. ಟ್ರ್ಯಾಕ್ಟರ್ ಮುಗಿಸಿ ಬಂದ ಫಕ್ರುನ್ನಿಸಾ ತುಳಿದು ನೋಡಿ ತಲೆದೂಗಿದಳು. ಆದರೂ ಮರುದಿನ ಎಲ್ಲ ಗಾಲಿಗಳನ್ನೂ ಮತ್ತೊಮ್ಮೆ ಬಿಚ್ಚಿ, ಎಲ್ಲಿಯೂ ಜಿನುಗುತ್ತಿಲ್ಲ ಎಂದು ಖಾತ್ರಿಯಾದ ಮೇಲೆಯೇ ಕೀಲಿ ಕೊಟ್ಟಳು.

ಮಹಾರಾಷ್ಟ್ರದ ಕಾಗದಪತ್ರ ಕರ್ನಾಟಕಕ್ಕೆ ಬದಲಾಗಿ, ವಿಮೆ ಆಗಿ, ಹೊಸ ನಂಬರು ಬರುವ ಹೊತ್ತಿಗೆ ಚಳಿಗಾಲ ಬಂದಿತ್ತು. ಧಮ್ಮಪಾಲನಿಗೆ ಈಗ ಗಡಿಬಿಡಿ ಇರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಅಂಬುಬಾಯಿ ಬುದ್ಧನ ಮುಂದೆ ಮೇಣದಬತ್ತಿ ಹಚ್ಚಿ ಕೈಮುಗಿದಳು. ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿ ಕಟ್ಟಿಕೊಂಡು ಇಬ್ಬರೂ ಛತ್ತು ಮಡಚಿ, ಭೀಮಾ ನದಿಯ ಸೊನ್ನದ ಬ್ಯಾರೇಜಿನ ಕಡೆ ಹೊರಟರು.

ಹಳೆಯ ರೂಢಿ ಅಷ್ಟು ಬೇಗ ಬಿಡಲಿಲ್ಲ. ಬಸ್ ಸ್ಟಾಪ್ ಕಂಡಲ್ಲೆಲ್ಲ ಅವನ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಗುತ್ತಿತ್ತು. ಒಂದು ಕ್ರಾಸಿನಲ್ಲಿ ಗಾಡಿ ನಿಂತೇಬಿಟ್ಟಿತು. ಅಲ್ಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದ ಬಳೆ ಮಾರುವ ಮುದುಕಿ ಸುಲ್ತಾನಬಿ ಅವನ ಬಸ್ಸಿನ ಹಳೆಯ ಪ್ರಯಾಣಿಕಳು. ಬಗ್ಗಿ ಒಳಗೆ ನೋಡಿ ಗುರುತು ಹಿಡಿದು, “ಯಾ ಅಲ್ಲಾ, ಧಮ್ಮಪಾಲಣ್ಣಾ! ಸರ್ಕಾರ ಬಸ್ ಇಷ್ಟು ಸಣ್ಣದು ಮಾಡೇದೇನು?” ಎಂದಳು. ಅಂಬುಬಾಯಿ ಅವಳಿಗೆ ಒಂದು ರೊಟ್ಟಿ, ಪಲ್ಯ ಕೊಟ್ಟಳು. ಮುದುಕಿ ಅವಳ ಕೈಗೆ ಹಸಿರು ಬಳೆ ತೊಡಿಸಿಯೇ ಬಿಟ್ಟಳು.

ಮುಂದೆ ನೆಟ್ಟಗಿನ ರಸ್ತೆ. ಎರಡೂ ಕಡೆ ತೊಗರಿ ಹೂಬಿಟ್ಟಿತ್ತು. ಧಮ್ಮಪಾಲ ಸ್ಟಾಪಿನಿಂದ ಆಗಷ್ಟೇ ಹೊರಟ ಬಸ್ಸಿನ ವೇಗದಲ್ಲೇ ಹೋಗುತ್ತಿದ್ದ. ಹಿಂದಿನಿಂದ ಒಬ್ಬ ಖಾಲಿ ಟ್ರ್ಯಾಕ್ಟರಿನವನು ಹಾರ್ನು ಹೊಡೆದು, ಹಾಡು ಹಚ್ಚಿಕೊಂಡು, ಸ್ಪೋರ್ಟ್ಸ್ ಕಾರನ್ನು ದಾಟಿ ಮುಂದೆ ಹೋದ. ಅಂಬುಬಾಯಿ ಅದನ್ನೇ ನೋಡಿದಳು.

“ಏನ್ರಿ, ಬೀಗ ಹಾಕೀರೇನು ಇದಕ್ಕೂ?”

ಅವನು ಅವಳ ಮುಖ ನೋಡಿದ. ಮುಂದೆ ರಸ್ತೆ ಖಾಲಿ ಇತ್ತು. ಗೇರು ಒಂದು ಕೆಳಗೆ ತಂದು ತುಳಿದ. ಸೀಟು ಬೆನ್ನಿಗೆ ಒತ್ತಿಕೊಂಡಿತು. ಟ್ರ್ಯಾಕ್ಟರು, ಅದರ ಹಾಡು, ತೊಗರಿಯ ಹಳದಿ ಎಲ್ಲ ಒಮ್ಮೆಲೇ ಹಿಂದೆ ಸರಿದವು. ಅಂಬುಬಾಯಿಯ ಸೆರಗು ಹಾರಿ ಅವನ ಮುಖಕ್ಕೆ ಬಡಿಯಿತು. ಅವಳು ಸೆರಗು ಹಿಡಿದು ಜೋರಾಗಿ ನಕ್ಕಳು. ಸ್ವಲ್ಪ ದೂರ ಅಷ್ಟೆ. ಆಮೇಲೆ ಅವನು ಬ್ರೇಕು ಒತ್ತಿದ. ಗಾಡಿ ಆಚೀಚೆ ಎಳೆಯದೆ, ಕೇಳಿದಷ್ಟೇ ನಿಧಾನವಾಯಿತು. ಓಡಿದ್ದಕ್ಕಿಂತ ನಿಧಾನವಾದದ್ದರಲ್ಲೇ ಅವನಿಗೆ ಹೆಚ್ಚು ಖುಷಿಯಾಯಿತು.

ಬ್ಯಾರೇಜಿನ ಹತ್ತಿರ ಭೀಮೆಯ ನೀರು ನೋಡುತ್ತ ಬುತ್ತಿ ಬಿಚ್ಚಿ ಉಂಡರು. ಊಟವಾದ ಮೇಲೆ ಧಮ್ಮಪಾಲ ಗಾಲಿಯ ನಟ್ಟುಗಳನ್ನು ಸ್ಪ್ಯಾನರು ಹಚ್ಚಿ ನೋಡಿದ, ಗಾಡಿಯ ಅಡಿ ಬಗ್ಗಿ ಆಯಿಲ್ಲು ಸೋರಿದೆಯೇ ಎಂದು ನೋಡಿದ. ಎಲ್ಲ ಸರಿಯಿತ್ತು. ಎದ್ದು ನಿಂತಾಗ ಅಂಬುಬಾಯಿ ಡ್ರೈವರನ ಸೀಟಿನಲ್ಲಿ ಕೂತಿದ್ದಳು.

“ತುಳಿಯಾಕ ಏನೂ ಬಾಕಿ ಇಲ್ಲ ಬೇ, ಬ್ರೇಕಿನ ಕೆಲಸ ಮುಗದೈತಿ” ಎಂದ.

“ಬ್ರೇಕು ಬಲ್ಲೆ. ಉಳದದ್ದು ಹೇಳಿಕೊಡ್ರಿ” ಎಂದಳು.

“ಲೈಸೆನ್ಸ್ ಇಲ್ಲದೆ ರಸ್ತೆಗೆ ಬಿಡೂದಿಲ್ಲ ನೋಡು.”

“ನಾಳೆ ಅರ್ಜಿ ಹಾಕ್ರಿ ಹಂಗಾರ.”

ಧಮ್ಮಪಾಲ ಮರುದಿನವೇ ಹಾಕಿಸಿದ. ಕಲಿಕೆಯ ಲೈಸೆನ್ಸು ಬಂದ ಮೇಲೆ, ಅಂಗನವಾಡಿ ಮುಗಿದ ಹೊತ್ತಿಗೆ ಹಳೆಯ ಸಂತೆ ಮೈದಾನದಲ್ಲಿ ಪಾಠ ಶುರುವಾಯಿತು. ಕಾರು ಮೊದಮೊದಲು ಮೊಲದಂತೆ ಜಿಗಿಯಿತು, ನಿಂತಿತು, ಮತ್ತೆ ಜಿಗಿಯಿತು. ಎಡಗಡೆಯ ಸೀಟಿನಲ್ಲಿ ಕೂತ ಧಮ್ಮಪಾಲನ ಕಾಲು ಇಲ್ಲದ ಬ್ರೇಕನ್ನು ಹುಡುಕಿ ನೆಲ ತುಳಿಯುತ್ತಿತ್ತು. ದಿನ ಕಳೆದಂತೆ ಅದೂ ನಿಂತಿತು. ಈಗ ಅವಳು ಮೈದಾನದ ಸುತ್ತ ಮೂರನೆಯ ಗೇರಿನಲ್ಲಿ ಹೋಗುವಾಗ ಅವನು ಕೈಕಟ್ಟಿಕೊಂಡು, ಛತ್ತಿಲ್ಲದ ಕಾರಿನಿಂದ ಆಕಾಶ ನೋಡುತ್ತ ಕೂರುತ್ತಾನೆ.